ಮಗನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಲಾ, ಸಾಧಾರಣದ್ದು ಸಾಕಾ? ಬಳಸಿದವರು ಹೇಳಿ

ತಿಪಟೂರಿನಿಂದ ಕೇಳಿದವರು

ಎಲ್ಲರಿಗೂ ನಮಸ್ಕಾರ. ಮಗನಿಗೆ ಸಿಇಟಿಯಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಪಿಜಿಯಲ್ಲಿ ಇರುತ್ತಾನೆ, ಕಾಲೇಜಿಗೆ ದಿನಾ ಬಿಎಂಟಿಸಿ ಬಸ್ಸು. ಲ್ಯಾಪ್‌ಟಾಪ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅವನು ನೋಡಿಟ್ಟಿರುವುದು ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್, 85,000 ರೂಪಾಯಿ. ಅಂಗಡಿಯವರು ತೋರಿಸಿದ ಸಾಧಾರಣ ಲ್ಯಾಪ್‌ಟಾಪ್ 52,000. "ನಾಲ್ಕು ವರ್ಷ ಬಾಳಿಕೆ ಬರಬೇಕು ಅಂದ್ರೆ ಪವರ್ ಜಾಸ್ತಿ ಇರೋದೇ ತಗೋಬೇಕಮ್ಮ, ಎಐ ಎಲ್ಲಾ ಕಲೀಬೇಕು" ಅನ್ನುತ್ತಾನೆ. ಕೊಬ್ಬರಿ ಮಾರಿದ ದುಡ್ಡು ಸ್ವಲ್ಪ ಇದೆ, ಉಳಿದದ್ದಕ್ಕೆ ಇಎಂಐ ಮಾಡಬೇಕು. ನಮಗೆ 33,000 ಸಣ್ಣ ಮೊತ್ತ ಅಲ್ಲ. ಹಾಗಂತ ದುಡ್ಡು ಉಳಿಸೋಕೆ ಹೋಗಿ ಅವನ ಓದಿಗೆ ತೊಂದರೆ ಆಗಬಾರದು. ಯಾವುದನ್ನಾದರೂ ಬಳಸಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಬೆಂಗಳೂರು, ಕೊನೆಯ ವರ್ಷದ ವಿದ್ಯಾರ್ಥಿ

ಆಂಟಿ, ಮೂರು ವರ್ಷದ ಹಿಂದೆ ನಾನೂ ನಿಮ್ಮ ಮಗನ ತರಾನೇ ಹಟ ಹಿಡಿದು ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡೆ. ಅದು ಕೆಟ್ಟ ಲ್ಯಾಪ್‌ಟಾಪ್ ಅಂತ ಹೇಳಲಾರೆ. ಆಟ ಆಡಿದ ಖುಷಿ ನಿಜ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಜ್ ಪರದೆ ಒಮ್ಮೆ ರೂಢಿಯಾದರೆ ಬೇರೆ ಪರದೆ ಕಣ್ಣಿಗೆ ಹಿಡಿಸುವುದಿಲ್ಲ.

ಆದರೆ ತೂಕದ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಲ್ಯಾಪ್‌ಟಾಪ್ 2.3 ಕೆಜಿ. ಅದರ ಚಾರ್ಜರ್ ಒಂದು ಸಣ್ಣ ಇಟ್ಟಿಗೆಯಷ್ಟಿದೆ, ಅದೇ 700 ಗ್ರಾಂ ಹತ್ತಿರ. ಎರಡೂ ಸೇರಿ 3 ಕೆಜಿ. ಜೊತೆಗೆ ಪುಸ್ತಕ, ನೀರಿನ ಬಾಟಲಿ, ಊಟದ ಡಬ್ಬಿ. ಬೆಳಿಗ್ಗೆ ಎಂಟೂವರೆಯ ಬಸ್ಸಿನಲ್ಲಿ ಸೀಟು ಸಿಗುವ ಮಾತೇ ಇಲ್ಲ, ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಲ್ಲಬೇಕು. ಎರಡನೇ ಸೆಮಿಸ್ಟರ್ ಹೊತ್ತಿಗೆ ಲ್ಯಾಪ್‌ಟಾಪನ್ನು ಪಿಜಿಯಲ್ಲೇ ಬಿಟ್ಟು ಹೋಗಲು ಶುರುಮಾಡಿದೆ. ಕಾಲೇಜಿನಲ್ಲಿ ಗೆಳೆಯನ ಪಕ್ಕ ಕೂತು ಅವನ ಸಾಧಾರಣ ಲ್ಯಾಪ್‌ಟಾಪಿನಲ್ಲೇ ಕೋಡ್ ಬರೆಯುತ್ತಿದ್ದೆ.

ಬ್ಯಾಟರಿಯೂ ಅಷ್ಟೇ. ಬರೀ ಬ್ರೌಸರ್ ಮತ್ತು ಕೋಡ್ ಎಡಿಟರ್ ಇಟ್ಟುಕೊಂಡರೂ ಮೂರೂವರೆ ಗಂಟೆ. ನಮ್ಮ ಕ್ಲಾಸಿನಲ್ಲಿ ಸರಿಯಾಗಿರುವ ಪ್ಲಗ್ ಪಾಯಿಂಟ್ ಎರಡೇ. ಚಾರ್ಜರ್ ತೆಗೆದು ಆಟ ಆಡೋಣ ಅಂದರೆ ವೇಗ ಅರ್ಧಕ್ಕರ್ಧ ಬಿದ್ದುಹೋಗುತ್ತದೆ. ಬ್ಯಾಟರಿಯಿಂದ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದಷ್ಟು ಕರೆಂಟ್ ಸಿಗುವುದಿಲ್ಲ. ಹಾಗಾಗಿ ದುಡ್ಡು ಕೊಟ್ಟ ಪವರ್ ಗೋಡೆಗೆ ಸಿಕ್ಕಿಸಿದಾಗ ಮಾತ್ರ ನಿಮ್ಮದು.

ಎಐ ಕಲಿಯೋಕೆ ಬೇಕು ಅನ್ನುವ ಮಾತನ್ನು ನಾನೂ ಮನೆಯಲ್ಲಿ ಹೇಳಿದ್ದೆ, ನಂಬಿಯೇ ಹೇಳಿದ್ದೆ. ವಿಟಿಯು ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್‌ನಲ್ಲೇ ಮುಗಿಯುತ್ತದೆ. ಕೋಡಿಂಗ್ ಅಂದರೆ ಸಿ, ಪೈಥಾನ್. ಅದಕ್ಕೆ ಯಾವ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಮೂರನೇ ವರ್ಷ ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ಬಂತು. ನನ್ನ ಕಾರ್ಡಿನಲ್ಲಿದ್ದ 4 ಜಿಬಿ ಮೆಮೊರಿ ನಮ್ಮ ಮಾಡೆಲ್‌ಗೆ ಸಾಲಲಿಲ್ಲ. ಕೊನೆಗೆ ತಂಡದ ನಾಲ್ಕೂ ಜನ ಗೂಗಲ್ ಕೊಲಾಬ್‌ನಲ್ಲೇ, ಅಂದರೆ ಇಂಟರ್ನೆಟ್ ಮೂಲಕ ಗೂಗಲ್‌ನ ಕಂಪ್ಯೂಟರಿನಲ್ಲೇ ಓಡಿಸಿದೆವು. ಅಲ್ಲಿ ಉಚಿತವಾಗಿ ಸಿಗುವ ಟಿ4 ಕಾರ್ಡಿಗೆ 16 ಜಿಬಿ ಮೆಮೊರಿ ಇದೆ. ಮಧ್ಯೆ ಮಧ್ಯೆ ಕಡಿದುಹೋಗುತ್ತದೆ, ಮಿತಿಯೂ ಇದೆ, ಆದರೂ ಪ್ರಾಜೆಕ್ಟ್ ಮುಗಿಯಿತು.

ಒಂದು ಕೆಲಸ ಮಾಡಿ ನೋಡಿ. ಮಗನ ಕಾಲೇಜು ಬ್ಯಾಗಿಗೆ 3 ಕೆಜಿ ಅಕ್ಕಿ ಹಾಕಿ, ಮೇಲೆ ಎರಡು ಪುಸ್ತಕ ಇಟ್ಟು, ಅರ್ಧ ಗಂಟೆ ಓಡಾಡಿ ಬಾ ಅನ್ನಿ.

ಮಂಗಳೂರು, ಸಾಫ್ಟ್‌ವೇರ್ ಕೆಲಸದಲ್ಲಿರುವವರು

ಮೇಲಿನ ತಮ್ಮ ಹೇಳಿದ್ದು ಸರಿ. ಆದರೆ "ಸಾಧಾರಣದ್ದು ಸಾಕು" ಅಂತ ಕಣ್ಣು ಮುಚ್ಚಿ ತಗೊಂಡರೂ ಪೆಟ್ಟು ಬೀಳುತ್ತದೆ ಮೇಡಂ. ನನಗೆ ಬಿದ್ದಿದೆ.

2023ರಲ್ಲಿ ತಂಗಿಗೆ ಅಂತ ಒಂದು ಲ್ಯಾಪ್‌ಟಾಪ್ ತಗೊಂಡೆ. ಡಬ್ಬಿ ಮೇಲೆ ರೈಜನ್ 5 7520ಯು ಪ್ರೊಸೆಸರ್ ಅಂತಿತ್ತು. 7000 ಸರಣಿ, ಹೊಸದು ಅಂದುಕೊಂಡೆ. ಆ ಸರಣಿಯಲ್ಲಿ ನೋಡಬೇಕಾದದ್ದು ಮೂರನೇ ಅಂಕಿ. 7520ರಲ್ಲಿ ಅದು 2, ಅಂದರೆ ಒಳಗಿರುವುದು ಝೆನ್ 2, 2019ರಲ್ಲಿ ಬಂದ ವಿನ್ಯಾಸ. 7530 ಅಂದರೆ ಝೆನ್ 3, 7540 ಅಂದರೆ ಝೆನ್ 4. ಹತ್ತು ಹತ್ತರ ವ್ಯತ್ಯಾಸ ಅಂತ ಕಾಣುತ್ತದೆ, ಒಳಗೆ ಒಂದೊಂದು ಪೀಳಿಗೆಯ ಅಂತರ. ಅದು ನನಗೆ ಗೊತ್ತಾಗುವ ಹೊತ್ತಿಗೆ ವಾಪಸ್ ಕೊಡುವ ದಿನ ದಾಟಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ರ‍್ಯಾಮ್. 8 ಜಿಬಿ, ಬೋರ್ಡಿಗೇ ಬೆಸುಗೆ ಹಾಕಿದ್ದು. ಹೆಚ್ಚಿಸಲು ದಾರಿಯೇ ಇಲ್ಲ. ತಂಗಿ ಮೊಬೈಲ್ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ ತೆರೆದು, ಪರದೆಯಲ್ಲೇ ಫೋನ್ ತೋರಿಸುವ ಎಮ್ಯುಲೇಟರ್ ಹಾಕಿ, ಪಕ್ಕದಲ್ಲಿ ಕ್ರೋಮ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಮೌಸ್ ಬಾಣವೇ ನಿಂತುಬಿಡುತ್ತಿತ್ತು. ಬಿಲ್ಡ್ ಕೊಟ್ಟು ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬರುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಗ್ರಾಫಿಕ್ಸ್ ಕಾರ್ಡ್ ಅಲ್ಲ, ಇನ್ನೊಂದು 8 ಜಿಬಿ ರ‍್ಯಾಮ್.

ಅಂಗಡಿಯವರು ತೋರಿಸಿದ 52,000ದ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಎಷ್ಟು ಅಂತ ಮೊದಲು ಕೇಳಿ. 8 ಅಂದರೆ ಅದು ಬೇಡ.

ಬೆಂಗಳೂರು, ಎಸ್‌ಪಿ ರಸ್ತೆ ಹತ್ತಿರ ಲ್ಯಾಪ್‌ಟಾಪ್ ಸರ್ವಿಸ್ ಮಾಡುವವರು

ಹನ್ನೊಂದು ವರ್ಷದಿಂದ ಇದೇ ಕೆಲಸ. ಮಾರಾಟ ಮಾಡುವುದಿಲ್ಲ, ರಿಪೇರಿ ಮಾತ್ರ. ಅದಕ್ಕೇ ಯಾವುದನ್ನೂ ತಗೊಳ್ಳಿ ಅಂತ ಒತ್ತಾಯ ಮಾಡುವ ಅಗತ್ಯ ನನಗಿಲ್ಲ ಅಮ್ಮ.

ಗೇಮಿಂಗ್ ಲ್ಯಾಪ್‌ಟಾಪ್ ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಬಿಸಿಯ ಕಾರಣಕ್ಕೆ. ಹಾಸಿಗೆ ಮೇಲೆ ಇಟ್ಟುಕೊಂಡು ಆಡುತ್ತಾರೆ. ಕೆಳಗಿನಿಂದ ಗಾಳಿ ಎಳೆದುಕೊಳ್ಳುವ ಜಾಗ ಬೆಡ್‌ಶೀಟಿಗೆ ಮುಚ್ಚಿಹೋಗುತ್ತದೆ. ತಳ ಬಿಚ್ಚಿದರೆ ಫ್ಯಾನಿನ ಬಾಯಲ್ಲಿ ಧೂಳು, ಹತ್ತಿ ಎಳೆ ಎಲ್ಲ ಸೇರಿ ಕಂಬಳಿ ತುಂಡಿನ ತರ ಗಟ್ಟಿಯಾಗಿ ಕೂತಿರುತ್ತದೆ, ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬರುತ್ತದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿರುತ್ತದೆ. ವರ್ಷಕ್ಕೊಮ್ಮೆ ಕ್ಲೀನ್ ಮಾಡಿಸಿ, ಎರಡು ವರ್ಷಕ್ಕೊಮ್ಮೆ ಪೇಸ್ಟ್ ಹಾಕಿಸಿದರೆ ಅವೂ ಚೆನ್ನಾಗಿ ಬಾಳುತ್ತವೆ. ಬಹಳ ಜನ ಮಾಡಿಸುವುದಿಲ್ಲ, ಪೂರ್ತಿ ಆಫ್ ಆಗಲು ಶುರುವಾದ ಮೇಲೆ ತರುತ್ತಾರೆ. ಪವರ್ ಜಾಸ್ತಿ ಇದ್ದರೆ ಜಾಸ್ತಿ ವರ್ಷ ಬರುತ್ತದೆ ಅನ್ನುವುದು ಹಾಗಾಗಿ ಪೂರ್ತಿ ನಿಜವಲ್ಲ. ಜಾಸ್ತಿ ಪವರ್ ಅಂದರೆ ಜಾಸ್ತಿ ಬಿಸಿ, ಜಾಸ್ತಿ ಆರೈಕೆ.

ಕಡಿಮೆ ಬೆಲೆಯವು ಬರುವುದು ಹಿಂಜ್ ಮುರಿದು. ಪರದೆ ತೆರೆದು ಮುಚ್ಚುವ ಆ ಕೀಲು ಪ್ಲಾಸ್ಟಿಕ್ ಬಾಡಿಗೆ ಸಣ್ಣ ಸ್ಕ್ರೂಗಳಲ್ಲಿ ಕೂತಿರುತ್ತದೆ. ಪರದೆಯ ಒಂದು ಮೂಲೆ ಹಿಡಿದು ಎತ್ತಿ ಎತ್ತಿ ಆ ಪ್ಲಾಸ್ಟಿಕ್ ಕಿತ್ತುಬರುತ್ತದೆ. ಮಗನಿಗೆ ಮಧ್ಯದಲ್ಲಿ ಹಿಡಿದು ತೆರೆಯಲು ಹೇಳಿ. ಅಂಗಡಿಯಲ್ಲಿ ಒಮ್ಮೆ ತೆರೆದು ಮುಚ್ಚಿ ನೋಡಿ, ಕೀಲಿನ ಹತ್ತಿರ ಬಾಡಿ ಬಾಗಿದರೆ ಬೇರೆ ಮಾಡೆಲ್ ನೋಡಿ.

ರ‍್ಯಾಮ್ ಬಗ್ಗೆ ಮಂಗಳೂರಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಐ5-1235ಯು ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ತಂದಳು. "ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಅಂತ ಹೇಳಿ ಕೊಟ್ಟರು, ಇಲ್ಲಿ ನೋಡಿದ್ರೆ ಬರೀ ಯುಎಚ್‌ಡಿ ಅಂತ ತೋರಿಸ್ತಿದೆ, ಮೋಸ ಅಲ್ವಾ?" ಅಂದಳು. ಮೋಸ ಅಲ್ಲ. ಒಳಗೆ ಒಂದೇ 8 ಜಿಬಿ ರ‍್ಯಾಮ್ ಕಡ್ಡಿ ಇತ್ತು. ಆ ಗ್ರಾಫಿಕ್ಸ್‌ಗೆ ಎರಡು ಕಡೆಯಿಂದ ಮೆಮೊರಿ ಸಿಗಬೇಕು, ಆಗಲೇ ಪೂರ್ತಿ ಶಕ್ತಿ. ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ಹಾಕಿ ಆನ್ ಮಾಡಿದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಹೆಸರೇ ಐರಿಸ್ ಎಕ್ಸ್‌ಇ ಅಂತ ಬದಲಾಯಿತು. ಒಂದೇ 16ರ ಕಡ್ಡಿಗಿಂತ 8 ಮತ್ತು 8 ಇದ್ದರೆ ಒಳ್ಳೆಯದು ಅನ್ನುವುದು ಇದಕ್ಕೇ. ಆಮೇಲೆ ಹಾಕಿಸೋಣ ಅಂತ ಮಾತ್ರ ಮುಂದೂಡಬೇಡಿ, 2025ರ ಕೊನೆಯಿಂದ ರ‍್ಯಾಮ್ ಬೆಲೆ ತುಂಬಾ ಏರಿದೆ.

ಇನ್ನೊಂದು ವಿಷಯ ಊರಿನ ಕಡೆಯವರಿಗೆ. ರಜೆಗೆ ಮನೆಗೆ ಬಂದಾಗ ಕರೆಂಟ್ ಹೋಗುತ್ತಿರುತ್ತದೆ, ಯುಪಿಎಸ್ ಮೇಲೆ ನಡೆಯಬೇಕು. ಗೇಮಿಂಗ್ ಲ್ಯಾಪ್‌ಟಾಪ್ ಆಟದ ಹೊತ್ತಲ್ಲಿ 150 ವ್ಯಾಟ್ ದಾಟುತ್ತದೆ, ಅಂದರೆ ಎರಡು ಸೀಲಿಂಗ್ ಫ್ಯಾನಿನಷ್ಟು. ಸಾಧಾರಣದ್ದರ ಚಾರ್ಜರೇ 45 ಇಲ್ಲ 65 ವ್ಯಾಟಿನದು. ಟೈಪ್-ಸಿ ಚಾರ್ಜಿಂಗ್ ಇರುವುದನ್ನು ನೋಡಿ ತಗೊಂಡರೆ ಚಾರ್ಜರ್ ಮರೆತು ಹೋದ ದಿನ ಗೆಳೆಯರದ್ದೂ ಆಗುತ್ತದೆ.

ಹುಬ್ಬಳ್ಳಿ, ಆರ್ಕಿಟೆಕ್ಟ್

ಎಲ್ಲರೂ ಸಾಧಾರಣದ್ದೇ ಸಾಕು ಅಂತಿದ್ದೀರಿ. ಇದನ್ನು ಓದುವ ಬೇರೆ ತಂದೆ ತಾಯಿಯರು ಮಗಳು ಆರ್ಕಿಟೆಕ್ಚರ್ ಓದುತ್ತಿದ್ದರೂ ಅದನ್ನೇ ಪಾಲಿಸಿಬಿಟ್ಟರೆ ಕಷ್ಟ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಓದಿಗೆ ರೆವಿಟ್, ಸ್ಕೆಚ್‌ಅಪ್, ಲೂಮಿಯಾನ್ ಅನ್ನುವ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಬೇಕು. ಲೂಮಿಯಾನ್ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ನಡೆಯುವುದೇ ಇಲ್ಲ. ನಾನು ಎರಡು ವರ್ಷ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಒದ್ದಾಡಿದೆ. ಜ್ಯೂರಿಯ (ಡಿಸೈನ್ ಪರೀಕ್ಷೆಯ) ಹಿಂದಿನ ರಾತ್ರಿ ಒಂದು ರೆಂಡರ್, ಅಂದರೆ ಕಟ್ಟಡದ ಚಿತ್ರ ತಯಾರಾಗಲು ಕೊಟ್ಟು ಮಲಗಿದರೆ ಬೆಳಿಗ್ಗೆಗೆ ಅರ್ಧವೂ ಆಗಿರುತ್ತಿರಲಿಲ್ಲ. ಆ ರಾತ್ರಿಗಳು ಇನ್ನೂ ನೆನಪಿವೆ. ಮೂರನೇ ವರ್ಷ ಅಪ್ಪ ಸಾಲ ಮಾಡಿ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿದರು. ನನಗೆ ಅದು ಕೆಲಸದ ಸಾಮಾನು, ಆಟದ್ದಲ್ಲ.

ತಗೊಳ್ಳುವುದೇ ಆದರೆ ಎರಡು ನೋಡಿ. ಕಾರ್ಡಿನ ಹೆಸರು ಒಂದೇ ಇದ್ದರೂ ಕೊಡುವ ವ್ಯಾಟ್ ಬೇರೆ ಬೇರೆ. 4050 ಲ್ಯಾಪ್‌ಟಾಪ್ ಕಾರ್ಡಿಗೆ 35 ವ್ಯಾಟಿನಿಂದ 115 ವ್ಯಾಟಿನವರೆಗೂ ಕೊಡಬಹುದು. ತೆಳು ಬಾಡಿಯ 4050 ದಪ್ಪ ಬಾಡಿಯದ್ದರ ಸಮ ಬರುವುದಿಲ್ಲ. ಎರಡನೆಯದು ಪರದೆ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ 144 ಹರ್ಟ್ಜ್ ಅಂತ ದೊಡ್ಡದಾಗಿ ಬರೆದು, 45 ಪರ್ಸೆಂಟ್ ಎನ್‌ಟಿಎಸ್‌ಸಿ ಅನ್ನುವುದನ್ನು ಕೊನೆಗೆ ಸಣ್ಣದಾಗಿ ಹಾಕಿರುತ್ತಾರೆ. ಬಣ್ಣ ಅರೆಬರೆ ಅಂತ ಅದರ ಅರ್ಥ. ನಾನು ಪರದೆಯಲ್ಲಿ ನೋಡಿ ಗೋಡೆಗೆ ತಿಳಿ ಕೆನೆ ಬಣ್ಣ ಕೊಟ್ಟಿದ್ದೆ. ಶೀಟ್ ಪ್ರಿಂಟ್ ಆಗಿ ಬಂದಾಗ ಅದು ಅರಿಶಿನ ಹಚ್ಚಿದ ಹಾಗಿತ್ತು.

ದಾವಣಗೆರೆ, ಒಬ್ಬ ತಂದೆ

ನನ್ನದು ಸಣ್ಣ ಮಾತು. ಮಗ ಯಾವ ಆಟ ಆಡುತ್ತಾನೆ ಅಂತ ಕೇಳಿದ್ದೀರಾ ಮೇಡಂ? ನಾನು ಕೇಳಿರಲಿಲ್ಲ, ಸುಮ್ನೆ ಬೇಡ ಅಂದುಬಿಟ್ಟೆ, ಮಗ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಗೊತ್ತಾಯಿತು, ಅವನು ಆಡುತ್ತಿದ್ದದ್ದು ವ್ಯಾಲೊರಂಟ್ ಒಂದೇ. ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಯೇ ಇಲ್ಲ, ಪ್ರೊಸೆಸರ್ ಜೊತೆ ಬರುವ ಗ್ರಾಫಿಕ್ಸ್‌ನಲ್ಲೇ ಓಡುತ್ತದೆ. ಮೊದಲೇ ಕೂತು ಮಾತಾಡಿದ್ದರೆ ಆ ಒಂದು ತಿಂಗಳು ಉಳಿಯುತ್ತಿತ್ತು.

ತಿಪಟೂರಿನಿಂದ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಉತ್ತರಗಳನ್ನು ಮಗನ ಪಕ್ಕ ಕೂತು ಒಟ್ಟಿಗೆ ಓದಿದೆವು. 52,000ದ ಲ್ಯಾಪ್‌ಟಾಪ್ ಬಗ್ಗೆ ಅಂಗಡಿಗೆ ಫೋನ್ ಮಾಡಿ ಕೇಳಿದೆ. 8 ಜಿಬಿಯೇ, ಬೆಸುಗೆ ಹಾಕಿದ್ದೇ. ಅದನ್ನು ಬಿಟ್ಟೆವು.

ದಾವಣಗೆರೆಯವರು ಹೇಳಿದ ಹಾಗೆ ಆಟದ ವಿಷಯ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ವ್ಯಾಲೊರಂಟ್ ಮತ್ತು ಕ್ರಿಕೆಟ್ ಆಟ ಒಂದು. ಪಿಯುಸಿ ಗೆಳೆಯರೆಲ್ಲ ಬೇರೆ ಬೇರೆ ಊರಿಗೆ ಹೋಗುತ್ತಿದ್ದಾರೆ, ರಾತ್ರಿ ಒಟ್ಟಿಗೆ ಆಡೋಣ ಅಂತ ಮಾತಾಡಿಕೊಂಡಿದ್ದಾರಂತೆ. ಅದು ನನಗೆ ಗೊತ್ತೇ ಇರಲಿಲ್ಲ.

ಅಕ್ಕಿಯ ಪರೀಕ್ಷೆಯೂ ಆಯಿತು. 3 ಕೆಜಿ ಸೋನಾ ಮಸೂರಿ, ಎರಡು ಪುಸ್ತಕ, ನೀರಿನ ಬಾಟಲಿ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಂದು ಬ್ಯಾಗನ್ನು ಜಗಲಿ ಮೇಲೆ ಇಟ್ಟ, ಭುಜ ತಿಕ್ಕಿಕೊಂಡ. "ಹಗುರದ್ದೇ ನೋಡೋಣಮ್ಮ" ಅಂದ.

14 ಇಂಚಿನದು, 1.4 ಕೆಜಿ, 8 ಮತ್ತು 8 ರ‍್ಯಾಮ್, ಟೈಪ್-ಸಿ ಚಾರ್ಜರ್, 61,000ಕ್ಕೆ ಮಾತಾಡಿದ್ದೇವೆ. ಶನಿವಾರ ತುಮಕೂರಿಗೆ ಹೋಗಿ ಹಿಂಜ್ ನೋಡಿ ತರುತ್ತೇವೆ.