ವಯೋಮಿಂಗ್ ಮ್ಯೂಲ್ ಡೀರ್ ಬೇಟೆ: ಪಾಯಿಂಟ್ ಈ ವರ್ಷವೇ ಖರ್ಚು ಮಾಡೋದಾ, ಕಾಯೋದಾ?

ಕೇಳಿದವರು, ಡೆನ್ವರ್ (ಮೇ 2023)
ನಾನು ವಯೋಮಿಂಗ್‌ಗೆ ಹೊರಗಿನವನು. ಮ್ಯೂಲ್ ಡೀರ್ (ದೊಡ್ಡ ಕಿವಿಯ ಜಿಂಕೆ) ಬೇಟೆ ಲೈಸೆನ್ಸ್ ಲಾಟರಿಯಲ್ಲಿ ಸರದಿ ಬೇಗ ಬರಲಿ ಅಂತ ವರ್ಷಾವರ್ಷ 41 ಡಾಲರ್ ಕೊಟ್ಟು ಡೀರ್ ಪಾಯಿಂಟ್ ಕೂಡಿಸುತ್ತಾ ಬಂದೆ. ರೀಜನ್ ಜಿ (ವಯೋಮಿಂಗ್ ರೇಂಜ್ ಬೆಟ್ಟಸಾಲಿನ ಬೇಟೆ ಪ್ರದೇಶ) ಇನ್ನೇನು ಸಿಗುತ್ತೆ ಅನ್ನೋವಾಗ ಈ ಹಾಳು ಚಳಿಗಾಲ ಬಂತು, ಜಿಂಕೆಗಳು ಹಿಂಡುಹಿಂಡಾಗಿ ಸತ್ತವು. ಜೂನ್ 1ಕ್ಕೆ ಅರ್ಜಿ ಕೊನೆ. ಅಪ್ಪ ಅಕ್ಟೋಬರ್‌ವರೆಗೆ ಇಲ್ಲೇ ಇರುತ್ತಾರೆ, ಜೊತೆಗೆ ಬರೋ ಆಸೆ ಅವರಿಗೆ. ಮಂಡಿ ನೋವು, ಬೆಟ್ಟ ಹತ್ತೋಕೆ ಆಗಲ್ಲ. ಅನುಭವ ಇದ್ದವರು ಹೇಳಿ.

ಸಾಲ್ಟ್ ಲೇಕ್ ಸಿಟಿ
ಕಾಯಿರಿ. 2016-17ರ ಚಳಿಗಾಲವನ್ನೂ ಇದೇ ಬೆಟ್ಟಸಾಲಿನಲ್ಲಿ ನೋಡಿದವನು ನಾನು. ಮೊದಲು ಹೋಗೋದು ಮರಿಗಳು. ಆಮೇಲೆ, ಬೆದೆಗಾಲದಲ್ಲಿ ಕೊಬ್ಬು ಕರಗಿಸಿಕೊಂಡ ದೊಡ್ಡ ಗಂಡುಗಳು. ಒಂದು ವರ್ಷದ ಮರಿ ಪೂರ್ತಿ ಹೋದರೆ ಅದರ ಪೆಟ್ಟು ಅದೇ ವರ್ಷ ಕಾಣಲ್ಲ. ಮೂರು-ನಾಲ್ಕು ವರ್ಷ ಬಿಟ್ಟು, ಕೊಂಬು ಬಲಿಯುವ ವಯಸ್ಸಿನ ಗಂಡುಗಳೇ ಇಲ್ಲ ಅಂತ ಆಗುತ್ತೆ. ನನ್ನ ಗೆಳೆಯರು 2017ರಲ್ಲೇ ಪಾಯಿಂಟ್ ಸುಟ್ಟುಕೊಂಡು ಬರಿಗೈಲಿ ಬಂದರು. ಆಮೇಲೆ ಹುಟ್ಟಿದ ಮರಿಗಳು ಬೆಳೆಯೋವರೆಗೆ ನಾನು ಕಾದೆ. 2021ರಲ್ಲಿ ಹೊಡೆದ ಗಂಡು ಈಗ ಗೋಡೆ ಮೇಲಿದೆ. ತಲೆ ಮೌಂಟ್ ಮಾಡಿಸೋಕೆ 850, ಮಾಂಸ ಕತ್ತರಿಸಿ ಪ್ಯಾಕ್ ಮಾಡೋಕೆ 160, ಡ್ರೈ ಐಸ್‌ಗೆ ಬೇರೆ 40. ಒಂದು ಡಾಲರ್ ಕೂಡ ದಂಡ ಅನ್ನಿಸಲಿಲ್ಲ.

ರಾಕ್ ಸ್ಪ್ರಿಂಗ್ಸ್
ಗೋಡೆ ಮೇಲಿನ ತಲೆ ಕಥೆ ಸಾಕು ಸ್ವಾಮಿ. ನಾನು ಇಲ್ಲೇ ಟ್ರೋನಾ (ಸೋಡಾ ಖನಿಜ) ಗಣಿಯಲ್ಲಿ ಕೆಲಸ ಮಾಡೋನು, ರೆಸಿಡೆಂಟ್. ಈ ಚಳಿಗಾಲದ ಹಿಮ ಆಳ ಅಷ್ಟೇ ಅಲ್ಲ, ಮೇಲೆ ಐಸ್ ಪದರ ಕಟ್ಟಿತ್ತು. ಸೇಜ್‌ಬ್ರಷ್ (ಅವು ತಿನ್ನೋ ಕುರುಚಲು ಗಿಡ) ಕಣ್ಣೆದುರೇ ಇದ್ದರೂ ಬಾಯಿಗೆ ಎಟುಕದು. ಪ್ರಾಂಗ್‌ಹಾರ್ನ್ (ಜಿಂಕೆಯಂಥ ಇನ್ನೊಂದು ಪ್ರಾಣಿ) ಬೇಲಿ ಹಾರಲ್ಲ, ಕೆಳಗೆ ನುಸುಳುತ್ತೆ. ತಂತಿ ಕೆಳಗೆಲ್ಲ ಹಿಮ ತುಂಬಿದರೆ ಎಲ್ಲಿ ನುಸುಳಬೇಕು? ಇಂಟರ್‌ಸ್ಟೇಟ್ 80ರ ಬೇಲಿಗುಂಟ ಸಾಲಾಗಿ ಬಿದ್ದಿದ್ದವು. ಪೈನ್‌ಡೇಲ್ ಕಡೆ ಅವಕ್ಕೆ ಮೈಕೋಪ್ಲಾಸ್ಮಾ ಬೋವಿಸ್ ಅನ್ನೋ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬೇರೆ. ಏಪ್ರಿಲ್‌ನಲ್ಲಿ ಸತ್ತ ಮ್ಯೂಲ್ ಡೀರ್ ಒಂದರ ತೊಡೆಮೂಳೆ ಒಡೆದು ನೋಡಿದೆ. ಚೆನ್ನಾಗಿರೋ ಪ್ರಾಣಿಯ ಮಜ್ಜೆ ಬೆಳ್ಳಗೆ, ಹೆಪ್ಪುಗಟ್ಟಿದ ತುಪ್ಪದ ಹಾಗೆ ಇರುತ್ತೆ. ಇದರದ್ದು ಬರೀ ಕೆಂಪು ಲೋಳೆ. ದೇಹದ ಕೊನೇ ಕೊಬ್ಬು ಅದೇ, ಅದೂ ಮುಗಿದಿತ್ತು. ವಯೋಮಿಂಗ್ ರೇಂಜ್‌ನಲ್ಲಿ ಜಾಡು ಹಿಡಿಯೋ ಕಾಲರ್ (ಕೊರಳಪಟ್ಟಿ) ಹಾಕಿದ್ದ ಜಿಂಕೆಮರಿಗಳಲ್ಲಿ ಒಂದೂ ಉಳಿಯಲಿಲ್ಲ. ನಿಮಗೆ ಪಾಯಿಂಟ್ ಲೆಕ್ಕ.

ಇನ್ನೊಂದು. ಪಕ್ಕದ ಮನೆಯವರು ಕನಿಕರದಿಂದ ಜಿಂಕೆಗಳಿಗೆ ಹುಲ್ಲು ತಂದು ಹಾಕಿದರು. ಚಿಗುರುಕಡ್ಡಿಗೆ ಒಗ್ಗಿದ ಹೊಟ್ಟೆಗೆ ದಿಢೀರನೆ ಆಲ್ಫಾಲ್ಫಾ ಒಣಮೇವು ಹಾಕಿದರೆ ಅರಗಲ್ಲ. ಹೊಟ್ಟೆ ತುಂಬಿಸಿಕೊಂಡೇ ಸತ್ತವು.

ಬೋಯಿಸಿ
ಹುಲ್ಲು ತಪ್ಪಾದರೆ ಎಲ್ಕ್‌ಗೆ (ದೊಡ್ಡ ಜಾತಿಯ ಜಿಂಕೆ) ಸರ್ಕಾರವೇ ಯಾಕೆ ಹಾಕುತ್ತೆ? ಜಾಕ್ಸನ್‌ನ ಎಲ್ಕ್ ರೆಫ್ಯೂಜ್ (ಆಶ್ರಯಧಾಮ) 1912ರಿಂದ ಇದೆ, ಅಲ್ವಾ?

ನನ್ನ ಕಥೆ ಕೇಳಿ. ವಿಲ್ಡರ್ನೆಸ್ (ಸರ್ಕಾರ ಕಾಯ್ದಿಟ್ಟ ಕಾಡು) ಒಳಗೆ ಹೊರಗಿನವರು ಗೈಡ್ ಇಲ್ಲದೆ ಬೇಟೆ ಆಡೋ ಹಾಗಿಲ್ಲ ಅನ್ನೋದು ವಯೋಮಿಂಗ್ ಕಾನೂನು. ಅದಕ್ಕೇ ಒಬ್ಬ ಔಟ್‌ಫಿಟರ್‌ಗೆ (ಬೇಟೆ ಏರ್ಪಾಡು ಮಾಡೋನು) 2,500 ಅಡ್ವಾನ್ಸ್ ಕೊಟ್ಟೆ. ಹಿಂಡು ಸತ್ತ ಸುದ್ದಿ ಬಂದಮೇಲೆ ವಾಪಸ್ ಕೇಳಿದರೆ, "ಮುಂದಿನ ವರ್ಷಕ್ಕೆ ಹಾಕಿಕೊಳ್ತೀವಿ" ಅಂದ. ಮುಂದಿನ ವರ್ಷ ಜಿಂಕೆ ಎಲ್ಲಿಂದ ತರ್ತಾನೆ? ಅರ್ಜಿಯ 15 ಡಾಲರ್ ಎಂದೂ ವಾಪಸ್ ಬರಲ್ಲ. ಈ ವರ್ಷ ಸ್ಪೆಷಲ್ (ಜಾಸ್ತಿ ದುಡ್ಡಿನ) ಡೀರ್ ಲೈಸೆನ್ಸ್ 662, 2024ಕ್ಕೆ 1,200 ಆಗುತ್ತೆ. ಪ್ರಾಣಿ ಅರ್ಧ, ರೇಟು ಡಬಲ್.

ರಾಕ್ ಸ್ಪ್ರಿಂಗ್ಸ್
ಎಲ್ಕ್ ಹುಲ್ಲು ಮೇಯೋ ಪ್ರಾಣಿ, ಮೈಯೂ ದೊಡ್ಡದು, ಹಿಮ ಕೆದರಿ ತಿನ್ನುತ್ತೆ. ಡೀರ್ ಹಾಗಲ್ಲ. ರಾಂಚ್‌ನವರ ಹುಲ್ಲುಮೆದೆಗೆ ನುಗ್ಗದಿರಲಿ ಅಂತಲೂ ಎಲ್ಕ್‌ಗೆ ಹಾಕ್ತಾರೆ. ಒಂದೇ ಕಡೆ ಗುಂಪು ಸೇರಿ ಬ್ರೂಸೆಲ್ಲೋಸಿಸ್ (ಗರ್ಭಪಾತ ತರೋ ರೋಗ) ಹರಡೋದು ಅದರ ಬಳುವಳಿ. ತಿಳಿದುಕೊಂಡು ಮಾತಾಡಿ.

ಸ್ಯಾನ್ ಹೋಸೆ
ಇಷ್ಟು ಪ್ರಾಣಿ ಹಸಿವಿನಿಂದ ಸತ್ತಿವೆ. ಉಳಿದಿರೋದನ್ನೂ ಹೊಡೆಯೋಕೆ ಸಲಹೆ ಕೇಳ್ತೀರಲ್ಲ, ನಾಚಿಕೆ ಆಗಲ್ವಾ?

ಡಲ್ಲಾಸ್, ಊರು ವಿರಾಜಪೇಟೆ
ಶುರುವಾಯ್ತು ಉಪದೇಶ. ವಯೋಮಿಂಗ್ ವನ್ಯಜೀವಿ ಇಲಾಖೆ ಈ ವರ್ಷ ಪ್ರಾಂಗ್‌ಹಾರ್ನ್ ಲೈಸೆನ್ಸ್ ಒಂದನ್ನೇ ಹತ್ತು ಸಾವಿರಕ್ಕಿಂತ ಜಾಸ್ತಿ ಕಡಿಮೆ ಮಾಡಿದೆ. ಹಿಂಡು ಬೆಳೆಸೋದು ಹೆಣ್ಣು. ಒಂದಿಷ್ಟು ಗಂಡು ಹೊಡೆದರೆ ಮರಿ ಕಡಿಮೆ ಆಗಲ್ಲ. ಆ ಸರ್ವೆಗೆ, ಕಾಲರ್‌ಗೆ ದುಡ್ಡು ಎಲ್ಲಿಂದ ಬರುತ್ತೆ? ಬಹುಪಾಲು ನಮ್ಮ ಲೈಸೆನ್ಸಿಂದ, ಕೋವಿ-ತೋಟಾ ತೆರಿಗೆಯಿಂದ. ಭಾರತದಲ್ಲಿ 1972ರಲ್ಲಿ ವನ್ಯಜೀವಿ ಕಾನೂನು ಬಂತು, ಬರ್ತಾ ಬರ್ತಾ ಬೇಟೆ ನಿಂತಿತು. ಮನೆಯ ಕೋವಿ ಈಗ ಕೈಲ್‌ಪೊಳ್ದ್‌ಗೆ ಪೂಜೆಗೆ ಇಡೋಕೆ. ಇತ್ತ ಹಂದಿ ಬಂದು ಗದ್ದೆ ಉತ್ತು ಹೋಗುತ್ತೆ. ನಷ್ಟ ಯಾರು ಕಟ್ಟಿಕೊಟ್ಟರು?

ಸ್ಯಾನ್ ಹೋಸೆ
ನಿಮ್ಮ ಗದ್ದೆಗೂ ವಯೋಮಿಂಗ್ ಜಿಂಕೆಗೂ ಏನು ಸಂಬಂಧ?

ಕೇಳಿದವರು, ಡೆನ್ವರ್
ದಯವಿಟ್ಟು ಜಗಳ ಬೇಡ. ಅಪ್ಪನ ಜೊತೆ, ರಸ್ತೆ ಹತ್ತಿರದ ಜಾಗ ಯಾವುದಾದರೂ ಇದೆಯಾ?

ಸಾಲ್ಟ್ ಲೇಕ್ ಸಿಟಿ
ಅದು ಆಮೇಲೆ. ವಿರಾಜಪೇಟೆಯವರೇ, "ಗಂಡು ಹೊಡೆದರೆ ಏನಾಗಲ್ಲ" ಅನ್ನೋದು ಪುಸ್ತಕದ ಲೆಕ್ಕ. ಹಿಂಡಿಗೆ ಏನೂ ಆಗದೆ ಇರಬಹುದು, ಬೇಟೆಗೆ ಆಗುತ್ತೆ. ಉಳಿದ ನಾಲ್ಕು ಗಂಡನ್ನೂ ಈ ವರ್ಷವೇ ಹೊಡೆದರೆ 2026ಕ್ಕೆ ಹೋದವನಿಗೆ ಏನು ಸಿಗುತ್ತೆ? ಬರೀ ಎಳೆಯವು. ಇಲ್ಲಿ ಯೂಟಾದಲ್ಲಿ ಉದುರಿದ ಕೊಂಬು ಹೆಕ್ಕೋದನ್ನೇ ಫೆಬ್ರವರಿಯಿಂದ ಏಪ್ರಿಲ್ ಕೊನೆವರೆಗೆ ನಿಲ್ಲಿಸಿದ್ದರು. ಬಡಕಲು ಪ್ರಾಣಿಯನ್ನು ಒಂದು ಸಲ ಓಡಿಸಿದರೂ ಇದ್ದ ಶಕ್ತಿ ಹೋಯ್ತು ಅಂತ.

ಡಲ್ಲಾಸ್, ಊರು ವಿರಾಜಪೇಟೆ
ಹಿಮ ಕರಗಿದ ವರ್ಷ ಮೇವು ಜೋರು. ಉಳಿದ ಗಂಡಿಗೆ ಪೈಪೋಟಿ ಇಲ್ಲ, ಕೊಂಬು ಚೆನ್ನಾಗಿ ಬರುತ್ತೆ. ಅರ್ಜಿ ಹಾಕೋರೂ ಕಡಿಮೆ. ನಾನು ಈ ವರ್ಷವೇ ಹಾಕ್ತಿದ್ದೀನಿ. ನೀವು ಕಾಯ್ತಾ ಇರಿ.

ಬೋಯಿಸಿ
ಹಾಕಿ, ಹಾಕಿ. ನನ್ನ 2,500ರ ಔಟ್‌ಫಿಟರ್‌ಗೆ ನಿಮ್ಮಂಥವರೇ ಬೇಕು.

ಫೋರ್ಟ್ ಕಾಲಿನ್ಸ್
ಡೆನ್ವರ್ ಅಣ್ಣಾ, ನೀವು ಎಚ್-1ಬಿ ವೀಸಾದಲ್ಲಿದ್ದರೆ ಮೊದಲು ಇದು ನೋಡಿಕೊಳ್ಳಿ. ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಕೈಲಿಲ್ಲದೆ ನಾವು ಗನ್ ಇಟ್ಟುಕೊಳ್ಳೋ ಹಾಗಿಲ್ಲ, ಕೇಂದ್ರದ ಕಾನೂನು. ಲೈಸೆನ್ಸ್ ಇದ್ದರೂ ಇಲ್ಲಿನ ಒಂದು ಅಂಗಡಿಯವನು ನನ್ನ ಪಾಸ್‌ಪೋರ್ಟ್ ನೋಡಿ ಕೊಡಲ್ಲ ಅಂದ. ಇನ್ನೊಂದು ಅಂಗಡಿಗೆ ಹೋಗಿ, ಫಾರ್ಮ್ ತುಂಬಿ, ಅದೇ ರೈಫಲ್‌ಗೆ 90 ಡಾಲರ್ ಜಾಸ್ತಿ ಕೊಟ್ಟು ತಂದೆ.

ರಾಕ್ ಸ್ಪ್ರಿಂಗ್ಸ್
90 ಜಾಸ್ತಿನಾ? ಯಾವ ಮಾಡಲ್?