ಸಹಾಯ ಬೇಕು: ಆ್ಯಡ್ ಬ್ಲಾಕರ್ ಇದ್ದರೆ ಯೂಟ್ಯೂಬ್ ವಿಡಿಯೊನೇ ಓಡುತ್ತಿಲ್ಲ

ನಮ್ಮದು ಕೊಡಗಿನ ನಾಪೋಕ್ಲು ಕಡೆ ತೋಟ. ಮಳೆಗಾಲದಲ್ಲಿ ಸಿಗ್ನಲ್ ಒಂದೇ ಗೆರೆ, ಅದೂ ಮೊಬೈಲನ್ನು ಅಡುಗೆಮನೆ ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಹಾಕಿದರೆ. ಕರಿಮೆಣಸಿನ ಸೊರಗು ರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ವಿಡಿಯೊ ನೋಡೋಣ ಅಂತ ಕೂತರೆ ಎರಡು ಜಾಹೀರಾತು ಪೂರ್ತಿ ಓಡುತ್ತವೆ, ವಿಡಿಯೊ ಮಾತ್ರ ಸುತ್ತುತ್ತಾ ನಿಲ್ಲುತ್ತದೆ. ಅದಕ್ಕೇ ಬ್ಲಾಕರ್ ಹಾಕಿದ್ದು. ಈಗ ಮೂರು ವಿಡಿಯೊ ಆದ ಮೇಲೆ ಪ್ಲೇಯರ್ ಬಂದ್ ಅಂತ ಎಚ್ಚರಿಕೆ ಬರುತ್ತಿದೆ. ವಿಡಿಯೊ ಮಾಡುವವರಿಗೂ ದುಡ್ಡು ಬೇಕು, ಒಪ್ಪುತ್ತೇನೆ, ಆದರೆ ನಮ್ಮ ಡೇಟಾ ಸುಮ್ನೆ ಖಾಲಿ ಆಗುತ್ತಿದೆ ಅಲ್ವಾ?

ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್ ಅನ್ನೋ ಬ್ಲಾಕರ್ ಒಂದನ್ನೇ ಇಟ್ಟು, ಯಾವುದನ್ನು ತಡೆಯಬೇಕು ಅನ್ನೋ ಅದರ ಫಿಲ್ಟರ್ ಪಟ್ಟಿ ಅಪ್‌ಡೇಟ್ ಮಾಡಿದೆ, ಕುಕೀ ಎಲ್ಲ ಅಳಿಸಿದೆ. ಎರಡು ದಿನ ಸರಿಯಿತ್ತು, ಮತ್ತೆ ಅದೇ. ಲಾಗಿನ್ ಆಗದಿದ್ದರೆ ಓಡುತ್ತದೆ, ಲಾಗಿನ್ ಆದರೆ ನಿಲ್ಲುತ್ತದೆ.

ಹಾಗಾದರೆ ಯೂಟ್ಯೂಬ್‌ನವರು ಹಿಡಿಯುತ್ತಿರುವುದು ನನ್ನ ಖಾತೆಯನ್ನೋ, ಬ್ರೌಸರನ್ನೋ? ಲಾಗಿನ್ ಇಟ್ಟುಕೊಂಡೇ ನೋಡಲು ಯಾವ ಸೆಟ್ಟಿಂಗ್ ಬದಲಿಸಬೇಕು?