‘ರೂಪಾಂತರ ದ್ಯುತಿಶಾಸ್ತ್ರ’: ಇಲ್ಲಿ ರೂಪ ಬದಲಾಗುವುದು ಯಾವುದರದು?

ಬಸವನಗುಡಿಯಲ್ಲಿ ಪಿಯುಸಿ ವಿದ್ಯಾರ್ಥಿಗಳ ಮುಂದೆ ಬರುವ ತಿಂಗಳು ಮಾಡಬೇಕಾದ ಉಪನ್ಯಾಸವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಲೋಹದ ಮೇಲ್ಮೈಯಲ್ಲಿ ಬೆಳಕನ್ನು ಹರಿಸುವ ಪ್ಲಾಸ್ಮಾನಿಕ್ ರಚನೆಗಳನ್ನೂ, ಸೂಕ್ಷ್ಮ ರಚನೆಗಳಿಂದ ಕಟ್ಟಿದ ಕೃತಕ ವಸ್ತುಗಳಾದ ಮೆಟಾಮೆಟೀರಿಯಲ್‌ಗಳನ್ನೂ ವಿನ್ಯಾಸಗೊಳಿಸಲು ನೆರವಾಗುವ ‘ಟ್ರಾನ್ಸ್‌ಫರ್ಮೇಶನ್ ಆಪ್ಟಿಕ್ಸ್’ ಅದರ ವಿಷಯ. ಆಪ್ಟಿಕ್ಸ್‌ಗೆ ದ್ಯುತಿಶಾಸ್ತ್ರವೆಂದರೆ ಯಾರೂ ತಕರಾರು ತೆಗೆಯಲಾರರು. ತೊಡಕಿರುವುದು ಮೊದಲ ಪದದಲ್ಲಿ. ಕರಡಿನಲ್ಲಿ ‘ರೂಪಾಂತರ ದ್ಯುತಿಶಾಸ್ತ್ರ’ವೆಂದು ಬರೆದು, ಎರಡು ದಿನ ಬಿಟ್ಟು ಓದಿದಾಗ, ಆ ಹೆಸರು ವಿಷಯಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತಿದೆಯಲ್ಲ ಎನಿಸಿತು.

2006ರಲ್ಲಿ ಭೌತವಿಜ್ಞಾನಿಗಳಾದ ಜಾನ್ ಪೆಂಡ್ರಿ, ಡೇವಿಡ್ ಶೂರಿಗ್ ಮತ್ತು ಡೇವಿಡ್ ಸ್ಮಿತ್ ಒಟ್ಟಾಗಿಯೂ, ಉಲ್ಫ್ ಲಿಯೊನ್‌ಹಾರ್ಟ್ ಬೇರೆಯಾಗಿಯೂ ಮಂಡಿಸಿದ ವಿಚಾರದ ತಿರುಳು ಇದು: ಚೌಕಳಿ ಗೆರೆಗಳಿರುವ ರಬ್ಬರ್ ಹಾಳೆಯನ್ನು ಹಿಗ್ಗಿಸಿದರೆ ಅದರ ಮೇಲೆ ಎಳೆದ ಬೆಳಕಿನ ಗೆರೆಯೂ ಜೊತೆಗೇ ಬಾಗುತ್ತದೆ; ಆದರೆ ನಿರ್ದೇಶಾಂಕಗಳನ್ನು (ಬಿಂದುಗಳ ಸ್ಥಾನ ಸೂಚಿಸುವ ಸಂಖ್ಯೆಗಳನ್ನು) ಹೀಗೆ ಬದಲಿಸಿದರೂ ಬೆಳಕನ್ನು ವಿವರಿಸುವ ಮ್ಯಾಕ್ಸ್‌ವೆಲ್ಲರ ಸಮೀಕರಣಗಳು ತಮ್ಮ ರೂಪವನ್ನು ಬಿಟ್ಟುಕೊಡದೆ, ಬದಲಾವಣೆಯಷ್ಟನ್ನೂ ವಸ್ತುವಿನ ಪರ್ಮಿಟಿವಿಟಿ ಮತ್ತು ಪರ್ಮಿಯಬಿಲಿಟಿಗಳ (ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳಿಗೆ ವಸ್ತು ಸ್ಪಂದಿಸುವ ಬಗೆಯನ್ನು ಹೇಳುವ ಗುಣಗಳ) ಮೇಲೆ ಹೊರಿಸುತ್ತವೆ. ಕಾದ ಟಾರು ರಸ್ತೆಯ ಬಿಸಿಲ್ಗುದುರೆಯಲ್ಲಿ ಗಾಳಿಯ ವಕ್ರೀಭವನಾಂಕ ನೆಲದಿಂದ ಮೇಲಕ್ಕೆ ಬದಲಾಗುತ್ತ ಬೆಳಕನ್ನು ಬಾಗಿಸುವ ಹಾಗೆ, ಇಲ್ಲಿ ಆ ಗುಣಗಳನ್ನು ಬಿಂದುಬಿಂದುವಿಗೂ ಲೆಕ್ಕ ಹಾಕಿ ವಸ್ತುವನ್ನು ಕಟ್ಟುತ್ತಾರೆ. ತಾಮ್ರದ ಸಿಲಿಂಡರೊಂದನ್ನು ಮೈಕ್ರೋವೇವ್ ಅಲೆಗಳಿಂದ ಮರೆಮಾಡುವ ಪ್ರಯೋಗ ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಮರೆ ಪೂರ್ಣವಾಗಿರಲಿಲ್ಲವಾದರೂ ತತ್ತ್ವ ಸಾಬೀತಾಯಿತು. ಒಟ್ಟಿನಲ್ಲಿ, ಬದಲಾಗದೆ ಉಳಿಯುವುದೇ ‘ರೂಪ’. ಅದನ್ನೇ ರೂಪಾಂತರವೆಂದರೆ ಹೇಗೆ?

ನಮ್ಮ ವಿದ್ಯಾರ್ಥಿಗಳಿಗೆ ಆ ಪದ ಹೊಸದಲ್ಲ. ಲಾಲ್‌ಬಾಗಿನ ಬಂಡೆಯನ್ನು ರೂಪಾಂತರ ಶಿಲೆಯೆಂದು ಅವರು ಓದಿರುತ್ತಾರೆ, ಕಂಬಳಿಹುಳು ಚಿಟ್ಟೆಯಾಗುವುದನ್ನೂ ಹಾಗೆಯೇ. ಎರಡರಲ್ಲೂ ವಸ್ತು ತಾನೇ ಮಾರ್ಪಟ್ಟಿದೆ. (ಇಂಗ್ಲಿಷಿನಲ್ಲಿ ಆ ಶಿಲೆಯ ಹೆಸರು ‘ಮೆಟಾ’ ಎಂದೇ ಆರಂಭವಾಗುವುದರಿಂದ, ಮೆಟಾಮೆಟೀರಿಯಲ್ ಕೂಡ ಈ ಪದದ ಮೇಲೆ ಹಕ್ಕು ಸಾಧಿಸಬಹುದು!) ಗ್ರಾಮಾಂತರ, ಜನ್ಮಾಂತರಗಳಲ್ಲಿರುವಂತೆ ಇಲ್ಲಿಯೂ ‘ಅಂತರ’ವೆಂದರೆ ‘ಬೇರೊಂದು’. ಹಾಗಿದ್ದಲ್ಲಿ, ‘ದೇಶ-ಕಾಲ’ದಲ್ಲಿ ದೇಶವೆಂಬುದಕ್ಕೆ ಇರುವ ‘ಸ್ಥಳ’ವೆಂಬ ಅರ್ಥವನ್ನು ಹಿಡಿದರೆ, ಈ ಶಾಸ್ತ್ರಕ್ಕೆ ನಿಜವಾಗಿ ಒಪ್ಪುವುದು ‘ದೇಶಾಂತರ’. ಪಂಚಾಂಗದವರು ರೇಖಾಂಶದ ವ್ಯತ್ಯಾಸಕ್ಕೆ ಮಾಡುವ ದೇಶಾಂತರ ಸಂಸ್ಕಾರವೂ ಒಂದು ಬಗೆಯ ನಿರ್ದೇಶಾಂಕದ ಲೆಕ್ಕವೇ. ಆದರೆ ‘ದೇಶಾಂತರ ದ್ಯುತಿಶಾಸ್ತ್ರ’ವೆಂದರೆ ಕೇಳಿದವರು ಬೆಳಕು ಊರು ಬಿಟ್ಟು ಹೋಯಿತೆಂದೇ ತಿಳಿಯುತ್ತಾರೆ. ‘ಪರಿವರ್ತನೆ’ ಎಂದರೆ ಬೀದಿ ಮೂಲೆಯ ವಿದ್ಯುತ್ ಪರಿವರ್ತಕ ನೆನಪಾಗುತ್ತದೆ. ಇದು ಅಷ್ಟೇನೂ ದೊಡ್ಡ ದೋಷವಲ್ಲ.

ನಾನು ಗಟ್ಟಿಯಾಗಿ ಸಿಕ್ಕಿಕೊಂಡಿರುವುದು ಪ್ಲಾಸ್ಮಾನುಗಳ ಭಾಗದಲ್ಲಿ. ಲೋಹದ ಮೇಲ್ಮೈಯಲ್ಲಿ ಬೆಳಕೂ ಎಲೆಕ್ಟ್ರಾನುಗಳೂ ಕೂಡಿ ಅಲೆಯಾಗಿ ಹರಿಯುವಾಗ ಅದರ ಕ್ಷೇತ್ರ ಲೋಹದೊಳಕ್ಕೆ ಹತ್ತಾರು ನ್ಯಾನೋಮೀಟರ್ ಮಾತ್ರ ಇಳಿಯುವುದರಿಂದ, ಲೋಹವನ್ನು ಮುಟ್ಟದೆ ಮೇಲಿನ ಅವಾಹಕ ಪದರವನ್ನಷ್ಟೇ ಬದಲಿಸಿ ಅಲೆಯನ್ನು ತಿರುಗಿಸಬಹುದೆಂದು 2010ರಲ್ಲಿ ತೋರಿಸಲಾಯಿತು. ಇಲ್ಲಿಯವರೆಗೆ ನನ್ನ ಆಕ್ಷೇಪಣೆ ಸರಿಯಾಗಿಯೇ ನಿಲ್ಲುತ್ತದೆ. ಆದರೆ ಅದೇ ವರ್ಷ ಪೆಂಡ್ರಿಯವರ ಬಳಗ ಇನ್ನೊಂದು ದಾರಿ ಹಿಡಿಯಿತು: ನಡುವೆ ತೆಳುವಾದ ಅವಾಹಕವಿರುವ ಎರಡು ಅನಂತ ಲೋಹರಾಶಿಗಳನ್ನು ಕೋನಗಳು ಕೆಡದಂತೆ ಗಣಿತದಲ್ಲಿ ಮಗುಚಿದರೆ ಅವು ಒಂದನ್ನೊಂದು ತಾಗಿ ನಿಂತ ಎರಡು ಸಿಲಿಂಡರುಗಳಾಗುತ್ತವೆ, ತೆಳು ಲೋಹದ ಹಾಳೆಯೊಂದು ಬಿದಿಗೆ ಚಂದ್ರನಂತಾಗುತ್ತದೆ. ಅನಂತದ ಕಡೆಗೆ ಓಡಬೇಕಾಗಿದ್ದ ಅಲೆ ಈಗ ತಾಗುಬಿಂದುವಿನ ಕಡೆಗೆ ನಿಧಾನವಾಗುತ್ತ ಹೋಗಿ ಅಲ್ಲಿಯೇ ಶಕ್ತಿಯನ್ನು ಒಟ್ಟುಗೂಡಿಸುತ್ತದೆ. ಹಾಗಾಗಿ ಅಷ್ಟು ಸಣ್ಣ ಕಣವೂ ಒಂದೆರಡು ಬಣ್ಣಗಳನ್ನಲ್ಲದೆ ವಿಶಾಲವಾದ ವರ್ಣಪಟ್ಟಿಯನ್ನೇ ಹೀರಬಲ್ಲದು. ಕಣವು ಬೆಳಕಿನ ಅಲೆಯುದ್ದಕ್ಕಿಂತ ಬಹಳ ಚಿಕ್ಕದಾಗಿದ್ದಾಗ ಈ ಲೆಕ್ಕದಲ್ಲಿ ಲೋಹದ ಪರ್ಮಿಟಿವಿಟಿ ಬದಲಾಗುವುದೇ ಇಲ್ಲ. ಬದಲಾಗುವುದು ಆಕಾರವೊಂದೇ. ಎಂದರೆ, ಮರೆಯ ವಿಷಯದಲ್ಲಿ ಸುಳ್ಳಾದ ‘ರೂಪಾಂತರ’ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಹೀಗಾಗಿ ಏನು ಬದಲಾಯಿತೆಂದು ಹೇಳದೆ ಬದಲಾವಣೆಯನ್ನು ಮಾತ್ರ ಸೂಚಿಸುವ ಪದ ಬೇಕು. ‘ಮಾರ್ಪಾಟು’ ನನಗೆ ಹಿಡಿಸಿದೆ. ಆದರೆ ‘ಮಾರ್ಪಾಟು ದ್ಯುತಿಶಾಸ್ತ್ರ’ ಅರಿಸಮಾಸವಾಗುತ್ತದೆ, ‘ಬೆಳಕಿನ ಮಾರ್ಪಾಟು’ ಎಂದರೆ ಬೆಳಕೇ ಮಾರ್ಪಟ್ಟಂತಾಗುತ್ತದೆ. ಸದ್ಯಕ್ಕೆ ‘ಪರಿವರ್ತನ ದ್ಯುತಿಶಾಸ್ತ್ರ’ವೆಂದು ತಿದ್ದಿಟ್ಟಿದ್ದೇನೆ. ಮೆಟಾಮೆಟೀರಿಯಲ್‌ಗೆ ‘ಅಧಿವಸ್ತು’ ಎನ್ನಬಹುದೇ, ಮೂಲಪದವನ್ನೇ ಉಳಿಸಿಕೊಳ್ಳಬೇಕೇ ಎಂಬುದನ್ನೂ, ಗಣಿತವನ್ನು ಕನ್ನಡದಲ್ಲಿ ಪಾಠ ಮಾಡಿದವರು ನಿರ್ದೇಶಾಂಕಗಳ ಬದಲಾವಣೆಗೆ ತರಗತಿಯಲ್ಲಿ ಯಾವ ಪದ ಬಳಸುತ್ತಿದ್ದರೆಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.